ಕಾಲುಸಂಕಕ್ಕೆ ನೀರು ಬರುವ ಮೊದಲು

ದೊಡ್ಡ ನದಿಗಳಲ್ಲಿ ಮೇಲಿನ ಊರಿನ ನೀರಿನ ಮಟ್ಟ ನೋಡಿ ಕೆಳಗಿನ ಊರಿಗೆ ಗಂಟೆಗಟ್ಟಲೆ ಮೊದಲೇ ಪ್ರವಾಹದ ಸುದ್ದಿ ಮುಟ್ಟಿಸಬಹುದು. ಮಲೆನಾಡಿನ ಹಳ್ಳಗಳಿಗೆ ಈ ಕ್ರಮ ಒಗ್ಗುವುದಿಲ್ಲ. ಮೂರು ಕಿಲೋಮೀಟರ್ ಹರಿಯುವಷ್ಟರಲ್ಲಿ ಮುನ್ನೂರು ಮೀಟರ್ ಇಳಿಯುವ ಹಳ್ಳವೊಂದಕ್ಕೆ, 1940ರಿಂದ ಬಳಕೆಯಲ್ಲಿರುವ ಕಿರ್ಪಿಚ್ ಸೂತ್ರ ಹಚ್ಚಿ ಲೆಕ್ಕ ಹಾಕಿದರೆ, ನೆತ್ತಿಯಲ್ಲಿ ಬಿದ್ದ ಮಳೆ ಕೆಳಗಿನ ಕಾಲುಸಂಕವನ್ನು ತಲುಪಲು ಹಿಡಿಯುವುದು ಸುಮಾರು 22 ನಿಮಿಷ. ನೀರನ್ನು ಅಳೆದು, ಸುದ್ದಿ ಕಳಿಸಿ, ದಡದ ಮನೆಯವರನ್ನು ಎಬ್ಬಿಸಲು ಅಷ್ಟು ಹೊತ್ತು ಸಾಲದು. ಹಾಗಾಗಿ ಇಲ್ಲಿನ ಮುನ್ಸೂಚನೆ ಮಳೆಯಿಂದ, ಅದಕ್ಕೂ ಮೊದಲು ಮಣ್ಣಿನಿಂದ ಆರಂಭವಾಗಬೇಕು.

ಮಣ್ಣಿನ ಪಾತ್ರ ಎಷ್ಟು ದೊಡ್ಡದೆಂಬುದನ್ನು ಲೆಕ್ಕವೇ ಹೇಳುತ್ತದೆ. ಅದೇ ಹಳ್ಳಕ್ಕೆ ನೀರುಣಿಸುವ ಪ್ರದೇಶ 5 ಚದರ ಕಿಲೋಮೀಟರ್ ಇದ್ದು, ಗಂಟೆಗೆ 60 ಮಿಲಿಮೀಟರ್ ಲೆಕ್ಕದ ಮಳೆ ಅರ್ಧ ಗಂಟೆ ಹೊಡೆಯಿತೆನ್ನಿ. ಜೂನ್ ಆರಂಭದ ಬಾಯಾರಿದ ನೆಲ ಐದರಲ್ಲಿ ಒಂದು ಪಾಲನ್ನು ಮಾತ್ರ ಹಳ್ಳಕ್ಕೆ ಬಿಟ್ಟರೆ ಸೆಕೆಂಡಿಗೆ ಸುಮಾರು 17 ಘನ ಮೀಟರ್ ನೀರು ಹರಿಯುತ್ತದೆ. ಆಗಸ್ಟಿನ ನೆನೆದ ನೆಲ ಮೂರು ಪಾಲು ಬಿಟ್ಟರೆ 50 ಘನ ಮೀಟರ್. ಕೊಡಗಿನ ಕಾಫಿ ತೋಟಗಳಲ್ಲಿ ದಿನವೂ ಬೆಳಿಗ್ಗೆ ಮಳೆಯನ್ನು ಇಂಚು, ಸೆಂಟಿನಲ್ಲಿ (ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು ಪಾಲು) ಅಳೆದು ಬರೆದಿಡುವ ಪುಸ್ತಕಗಳು ಈ ಕಾರಣಕ್ಕೇ ನನಗೆ ಅಮೂಲ್ಯವೆನಿಸುತ್ತವೆ: ನಿನ್ನೆ ಮೊನ್ನೆಯವರೆಗೆ ನೆಲ ಎಷ್ಟು ಕುಡಿದಿದೆ ಎಂಬುದು ಅವುಗಳಲ್ಲಿದೆ.

ದಿಢೀರ್ ಪ್ರವಾಹದ ಆಧುನಿಕ ಮುನ್ಸೂಚನೆಯೂ ಇದೇ ಜಾಡಿನಲ್ಲಿ ಸಾಗುತ್ತದೆ. ನೆಲದ ತೇವವನ್ನು ಅಂದಾಜಿಸಿ, ಮುಂದಿನ ಕೆಲವು ಗಂಟೆಗಳಲ್ಲಿ ಇನ್ನೆಷ್ಟು ಮಳೆ ಬಿದ್ದರೆ ಹಳ್ಳ ದಂಡೆ ಮೀರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ನಿರೀಕ್ಷಿತ ಮಳೆಯನ್ನು ಆ ಮಿತಿಯೊಂದಿಗೆ ಹೋಲಿಸುತ್ತಾರೆ. ಭಾರತ ಹವಾಮಾನ ಇಲಾಖೆ 2020ರ ಅಕ್ಟೋಬರಿನಲ್ಲಿ ದಕ್ಷಿಣ ಏಷ್ಯಾಕ್ಕೆಂದು ಆರಂಭಿಸಿದ ವ್ಯವಸ್ಥೆ ಹೀಗೆಯೇ 6 ಗಂಟೆ ಮೊದಲು ಅಪಾಯವನ್ನೂ 24 ಗಂಟೆ ಮೊದಲು ಅದರ ಸಾಧ್ಯತೆಯನ್ನೂ ತಿಳಿಸುತ್ತದೆ. ಆದರೆ ಬೆಟ್ಟಗಳು ರಾಡಾರಿನ ಕಿರಣಕ್ಕೆ ಅಡ್ಡ ನಿಲ್ಲುತ್ತವೆ; ಕಣಿವೆಯ ಮಳೆಮಾಪಕಕ್ಕೆ ನೆತ್ತಿಯ ಮಳೆ ಕಾಣುವುದಿಲ್ಲ. ಮಾಪಕಗಳನ್ನು ರಸ್ತೆಯ ಪಕ್ಕ ಬಿಟ್ಟು ಮೇಲಕ್ಕೆ ಒಯ್ಯುವ ಕೆಲಸ ತುರ್ತಾಗಿ ಆಗಬೇಕು.

ಯಾವ ಉಪಕರಣವೂ ಇಲ್ಲದ ಕಡೆ ಹಳ್ಳವನ್ನೇ ನೋಡಬೇಕು. ನೀರು ಒಮ್ಮೆಲೇ ಕೆಂಪಾಗಿ, ಬೇರುಸಹಿತ ಗಿಡಗಳು ತೇಲಿಬಂದರೆ ಮೇಲೆಲ್ಲೋ ದಂಡೆ ಕುಸಿದಿರಬಹುದು. ಮಳೆ ಬಿಡದೆ ಸುರಿಯುತ್ತಿರುವಾಗಲೇ ಹಳ್ಳ ಇದ್ದಕ್ಕಿದ್ದಂತೆ ಇಳಿದರೆ, ಕುಸಿದ ಮಣ್ಣು ಮೇಲೆ ನೀರನ್ನು ಕಟ್ಟಿ ನಿಲ್ಲಿಸಿರುವ ಸಂಭವ ಹೆಚ್ಚು. ಆ ಕಟ್ಟೆ ಒಡೆಯುವ ಮುನ್ನ ದಡ ಬಿಟ್ಟು ಎತ್ತರಕ್ಕೆ ಹೋಗಬೇಕು.