ಆಸ್ತಮಾ ಇದ್ದವರು ಹಾಫ್ ಮ್ಯಾರಥಾನ್ ಓಡಬಹುದೇ? ಡಾಕ್ಟರು ‘ಬೇಡ’ ಅಂದರೆ?

ಪ್ರಶ್ನೆ: ನನಗೆ 34 ವರ್ಷ, ಚಿಕ್ಕಂದಿನಿಂದ ಆಸ್ತಮಾ ಇದೆ. ಎರಡು ವರ್ಷದಿಂದ ಓಡುತ್ತಿದ್ದೇನೆ, 10 ಕಿ.ಮೀ. ಕಷ್ಟವಿಲ್ಲ. ಹಾಫ್ ಮ್ಯಾರಥಾನ್‌ಗೆ (21 ಕಿ.ಮೀ.) ಹೆಸರು ಕೊಟ್ಟಿದ್ದೇನೆ. ಈಚೆಗೆ ಓಟ ಮುಗಿದ ಮೇಲೆ ಕೆಮ್ಮು, ಎದೆ ಹಿಡಿದಂತಾಗುತ್ತದೆ. ಡಾಕ್ಟರು ‘ಸದ್ಯಕ್ಕೆ ಓಡಬೇಡಿ’ ಅಂದರು. ಜೊತೆಗೆ ಓಡುವವರು ‘ಎರಡು ಸಲ ಪಂಪ್ (ಇನ್‌ಹೇಲರ್) ಹೊಡ್ಕೊಂಡು ಓಡು, ಏನೂ ಆಗಲ್ಲ’ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಡಾಕ್ಟರ ಮಾತನ್ನೇ ಕೇಳಿ. ಆದರೆ ಅವರು ಹೇಳಿದ್ದರಲ್ಲಿ ‘ಸದ್ಯಕ್ಕೆ’ ಅಂತ ಒಂದು ಪದವಿದೆ. ಹೆಚ್ಚಿನವರು ಮನೆ ಮುಟ್ಟುವಷ್ಟರಲ್ಲಿ ಅದನ್ನು ಮರೆತಿರುತ್ತಾರೆ. ಇನ್ನು ಜನ್ಮದಲ್ಲಿ ಓಡುವಂತಿಲ್ಲ ಎಂದು ಕೆಲವರು ಶೂ ಎತ್ತಿಡುತ್ತಾರೆ, ಕೆಲವರು ಸಿಟ್ಟಿಗೆ ಮರುದಿನವೇ ಓಡುತ್ತಾರೆ. ಎರಡೂ ಬೇಡ. ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್‌ಗೆ 14ರ ವಯಸ್ಸಿನಲ್ಲೇ ಆಸ್ತಮಾ ಪತ್ತೆಯಾಗಿತ್ತು. 2003ರ ಲಂಡನ್ ಮ್ಯಾರಥಾನನ್ನು ಆಕೆ 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿದರು, ಆ ವಿಶ್ವದಾಖಲೆ 2019ರವರೆಗೆ ಉಳಿಯಿತು. ಆಸ್ತಮಾ ಹತೋಟಿಯಲ್ಲಿದ್ದಾಗ ಓಡಬಹುದು, ತಪ್ಪಿದಾಗ ಓಡಬಾರದು. ನಿಮ್ಮದು ಈಗ ಹತೋಟಿ ತಪ್ಪಿರುವ ಹಾಗೆ ಕಾಣುತ್ತದೆ.

ಓಡುವಾಗ ಇಲ್ಲದ ಕೆಮ್ಮು ಆಮೇಲೇಕೆ?

ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ 6–8 ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಜೋರಾಗಿ ಓಡುವಾಗ ಅದು 60, 80, ಕೆಲವೊಮ್ಮೆ 100 ಲೀಟರ್ ದಾಟುತ್ತದೆ. ಅಷ್ಟು ಗಾಳಿಯನ್ನು ಬಿಸಿ ಮಾಡಿ, ತೇವ ಮಾಡಿ ಕಳಿಸುವುದು ಮೂಗಿನ ಕೈಲಾಗುವ ಕೆಲಸವಲ್ಲ. ಬಾಯಿ ತೆರೆಯುತ್ತದೆ, ಒಣ ಗಾಳಿ ನೇರ ಒಳಕ್ಕೆ ಹೋಗಿ ಶ್ವಾಸನಾಳದ ಒಳಪದರದ ನೀರಿನಂಶ ಹೀರುತ್ತದೆ. ಅದರಿಂದ ಅಲ್ಲಿನ ಕೋಶಗಳು ಕೆರಳಿ ಹಿಸ್ಟಮಿನ್, ಲ್ಯೂಕೋಟ್ರೈನ್‌ನಂಥ ರಾಸಾಯನಿಕಗಳನ್ನು ಬಿಡುತ್ತವೆ, ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಈ ಬಿಗಿತ ಹೆಚ್ಚಾಗಿ ತುತ್ತತುದಿಗೇರುವುದು ಓಟ ನಿಲ್ಲಿಸಿದ 5ರಿಂದ 15 ನಿಮಿಷದೊಳಗೆ. ಹಾಗಾಗಿಯೇ ಓಟ ಮುಗಿಸಿ, ಕೈಯಲ್ಲಿ ಕಾಫಿ ಲೋಟ ಹಿಡಿದು ನಿಂತಾಗ ಕೆಮ್ಮು ಶುರುವಾಗುವುದು. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯಲ್ಲಿ ತಾನಾಗಿಯೇ ಇಳಿಯುತ್ತದೆ. ‘ಧೂಳು ಕುಡಿದಿರಬೇಕು’ ಎಂದು ಜನ ಮರೆತುಬಿಡುವುದೂ ಇದಕ್ಕೇ.

ಓಟದ ಉಬ್ಬಸವೆಲ್ಲ ಆಸ್ತಮಾವೇ ಆಗಬೇಕಿಲ್ಲ. ಉಸಿರು ಬಿಡುವಾಗ ಸುಯ್ ಎಂದರೆ ಆಸ್ತಮಾದ ಗುಮಾನಿ. ಉಸಿರು ಎಳೆಯುವಾಗ ಗಂಟಲಲ್ಲಿ ಕರ್ಕಶ ಸದ್ದು, ಕುತ್ತಿಗೆ ಹಿಚುಕಿದಂತೆ ಅನಿಸುವುದು, ನಿಂತ ಐದಾರು ನಿಮಿಷದಲ್ಲಿ ಪೂರ್ತಿ ಸರಿಹೋಗುವುದು, ಪಂಪ್‌ನಿಂದ ಏನೂ ಪ್ರಯೋಜನವಾಗದಿರುವುದು ಇದ್ದರೆ ತೊಂದರೆ ಧ್ವನಿಪೆಟ್ಟಿಗೆಯಲ್ಲಿರಬಹುದು. ಅದರ ಚಿಕಿತ್ಸೆಯೇ ಬೇರೆ, ಉಸಿರಾಟದ ತರಬೇತಿ ಬೇಕು. ಎದೆ ನೋವು, ತಲೆ ತಿರುಗಿ ಬೀಳುವುದು ಇದ್ದರೆ ಮೊದಲು ಹೃದಯ ತೋರಿಸಿ.

‘ಬೇಡ’ ಎನ್ನುವುದರಲ್ಲೂ ಬಗೆಗಳಿವೆ

ಪ್ರಶ್ನಿಸದೆ ಒಪ್ಪಬೇಕಾದ ‘ಬೇಡ’ ಇದು: ರಾತ್ರಿ ಕೆಮ್ಮಿ ಎಚ್ಚರವಾಗುತ್ತಿದೆ, ಹಗಲಿನ ತೊಂದರೆ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು, ತಕ್ಷಣ ಆರಾಮ ಕೊಡುವ ಪಂಪ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದೆ (ಓಟಕ್ಕೆ ಮುಂಚೆ ಮುನ್ನೆಚ್ಚರಿಕೆಗೆ ತೆಗೆದುಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ), ಮೆಟ್ಟಿಲು ಹತ್ತಿದರೂ ಏದುಸಿರು. ಜ್ವರ, ಎದೆಗಿಳಿದ ನೆಗಡಿ ಇದ್ದಾಗಲೂ ಅಷ್ಟೇ. ಉಬ್ಬಸ ಹೆಚ್ಚಾಗಿ ಸ್ಟೀರಾಯ್ಡ್ ಮಾತ್ರೆಯ ಕೋರ್ಸ್ ನಡೆಯುತ್ತಿದ್ದರೆ, ಅದು ಮುಗಿದು ಡಾಕ್ಟರು ಮತ್ತೆ ಎದೆ ಪರೀಕ್ಷಿಸುವವರೆಗೆ ಓಟದ ಮಾತೇ ಇಲ್ಲ. ಕಟ್ಟಿದ ಫೀಸು ಹೋದರೆ ಹೋಗಲಿ.

ಇನ್ನೊಂದು ‘ಬೇಡ’ ಇದೆ. ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಮಾಡಿಸದೆ, ಪಂಪ್ ಹೇಗೆ ಎಳೆಯುತ್ತೀರಿ ಎಂದು ನೋಡದೆ, ‘ಆಸ್ತಮಾನಾ? ಓಡೋದೆಲ್ಲ ಬಿಟ್ಬಿಡಿ’ ಎಂದು ಒಂದೇ ಮಾತಲ್ಲಿ ಮುಗಿಸುವುದು. ಅದಕ್ಕೆ ಮರುಪ್ರಶ್ನೆ ಹಾಕುವುದು ಅಧಿಕಪ್ರಸಂಗವಲ್ಲ. ಏನು ಸರಿಹೋದರೆ ಮತ್ತೆ ಶುರು ಮಾಡಬಹುದು, ಯಾವ ಪರೀಕ್ಷೆಯಿಂದ ಅದು ಗೊತ್ತಾಗುತ್ತದೆ, ಮುಂದಿನ ಭೇಟಿ ಯಾವಾಗ ಎಂದು ಕೇಳಿ. ಉತ್ತರ ಸಿಗದಿದ್ದರೆ ಶ್ವಾಸಕೋಶ ತಜ್ಞರ ಹತ್ತಿರ ಹೋಗಿ. ಆದರೆ ಎರಡನೆಯ ಅಭಿಪ್ರಾಯ ಸಿಗುವವರೆಗೆ ಮೊದಲನೆಯದನ್ನು ಪಾಲಿಸಿ. ರನ್ನಿಂಗ್ ಗ್ರೂಪು ಎರಡನೆಯ ಅಭಿಪ್ರಾಯವಲ್ಲ.

ಡಾಕ್ಟರ ಹತ್ತಿರ ಬರಿಗೈಲಿ ಹೋಗಬೇಡಿ, ಅಂಕಿ ಒಯ್ಯಿರಿ. ಉಸಿರು ಎಷ್ಟು ರಭಸದಲ್ಲಿ ಹೊರಬರುತ್ತದೆ ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ ಮೆಡಿಕಲ್ ಶಾಪಿನಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ನಿಂತುಕೊಂಡು, ಪೂರ್ತಿ ಉಸಿರು ತುಂಬಿಕೊಂಡು, ಮೇಣದಬತ್ತಿ ಒಂದೇಟಿಗೆ ಆರಿಸುವ ಹಾಗೆ ಊದಿ. ಮೂರು ಸಲ ಊದಿ ದೊಡ್ಡದನ್ನು ಬರೆದುಕೊಳ್ಳಿ. ಆರಾಮವಾಗಿರುವ ದಿನಗಳಲ್ಲಿ ಎರಡು ವಾರ ಬರೆದರೆ ನಿಮ್ಮ ಅತ್ಯುತ್ತಮ ಅಂಕಿ ಸಿಗುತ್ತದೆ, 450 ಎಂದಿಟ್ಟುಕೊಳ್ಳಿ. ಅದರ 80% ಅಂದರೆ 360. ಬೆಳಿಗ್ಗೆ ಅದಕ್ಕಿಂತ ಕೆಳಗಿದ್ದರೆ ಅಂದು ಓಟವಿಲ್ಲ. 50%, ಅಂದರೆ 225ರ ಕೆಳಗಿಳಿದರೆ ತಕ್ಷಣ ಆರಾಮ ಕೊಡುವ ಪಂಪ್ ಎಳೆದುಕೊಂಡು ಆಸ್ಪತ್ರೆಗೆ ಹೊರಡಿ. ಡಾಕ್ಟರು ಓಡಲು ಬಿಟ್ಟ ಮೇಲೆ, ಓಟಕ್ಕೆ ಮುಂಚೆ ಒಮ್ಮೆ, ಮುಗಿಸಿ 5, 10, 15 ನಿಮಿಷಕ್ಕೆ ಒಂದೊಂದು ಸಲ ಅಳೆಯಿರಿ. ಮುಂಚೆ 450 ಇದ್ದದ್ದು 380ರ ಕೆಳಗೆ ಜಾರಿದರೆ ಆ ಚೀಟಿಯನ್ನೇ ಡಾಕ್ಟರ ಮುಂದಿಡಿ.

ಪಂಪ್: ಯಾವುದು, ಯಾವಾಗ, ಹೇಗೆ

ನಿಮ್ಮ ಗೆಳೆಯರ ಸಲಹೆ ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಓಟಕ್ಕೆ 10–15 ನಿಮಿಷ ಮುಂಚೆ ಸಾಲ್ಬುಟಮಾಲ್ (ಅಸ್ತಾಲಿನ್ ಎಂಬ ಹೆಸರಲ್ಲಿ ಸಿಗುವುದು ಇದೇ) 100 ಮೈಕ್ರೋಗ್ರಾಂನ ಎರಡು ಪಫ್ ತೆಗೆದುಕೊಂಡರೆ ಎರಡರಿಂದ ನಾಲ್ಕು ಗಂಟೆ ನಾಳಗಳು ಬಿಗಿಯುವುದಿಲ್ಲ. ಆದರೆ ಅದು ಸ್ನಾಯುವನ್ನು ಸಡಿಲಿಸುತ್ತದೆ ಅಷ್ಟೇ, ಒಳಗಿನ ಊತ ಹಾಗೇ ಇರುತ್ತದೆ. ದಿನಾ ಅದನ್ನೇ ಬಳಸುತ್ತಾ ಹೋದರೆ ಅದರ ಕಸುವೂ ಕಡಿಮೆಯಾಗುತ್ತದೆ. ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳಬಾರದು ಎಂದು ಆಸ್ತಮಾದ ಜಾಗತಿಕ ಮಾರ್ಗಸೂಚಿ ಗಿನಾ 2019ರಿಂದ ಹೇಳುತ್ತಿದೆ. ಊತ ಇಳಿಸುವುದು ಇನ್‌ಹೇಲರ್‌ನ ಸ್ಟೀರಾಯ್ಡ್. ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಎರಡೂ ಸೇರಿದ ಪಂಪ್ ಅನ್ನು ಓಟಕ್ಕೆ ಮುಂಚೆಯೂ ತೊಂದರೆಯಾದಾಗಲೂ ಬಳಸುವ ಪದ್ಧತಿ ಈಗ ಇದೆ. ನಿಮಗೆ ಅದು ಹೊಂದುತ್ತದೆಯೇ ಎಂದು ಕೇಳಿ. ನಿತ್ಯದ ಪಂಪನ್ನು ‘ಈಗ ಆರಾಮಿದೀನಿ’ ಎಂದು ಬಿಟ್ಟಿದ್ದರೆ, ಈಗಿನ ಕೆಮ್ಮಿಗೆ ಬಹುಶಃ ಅದೇ ಕಾರಣ.

ಔಷಧಿ ಸರಿಯಿದ್ದೂ ಕೆಲಸ ಕೆಡುವುದು ಎಳೆಯುವ ಬಗೆಯಲ್ಲಿ. ಗ್ಯಾಸಿನ ಪಂಪ್ ಆದರೆ ಚೆನ್ನಾಗಿ ಕುಲುಕಿ, ಉಸಿರು ಪೂರ್ತಿ ಹೊರಬಿಟ್ಟು, ಒತ್ತುತ್ತಿದ್ದಂತೆ ನಿಧಾನವಾಗಿ, ಆಳವಾಗಿ ಎಳೆಯಬೇಕು. 10 ಸೆಕೆಂಡು ಹಿಡಿದು ಬಿಡಿ. ಎರಡನೇ ಪಫ್‌ಗೆ ಅರ್ಧ ನಿಮಿಷ ಕಾಯಿರಿ, ಮತ್ತೆ ಕುಲುಕಿ. ಗಬಕ್ಕನೆ ಎಳೆದರೆ ಔಷಧಿ ಗಂಟಲಿನ ಹಿಂಭಾಗಕ್ಕೆ ಬಡಿದು ಅಲ್ಲೇ ಉಳಿಯುತ್ತದೆ. ಸ್ಪೇಸರ್ (ಪಂಪಿನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿ) ಹಾಕಿಕೊಂಡರೆ ಈ ಫಜೀತಿ ಅರ್ಧ ತಪ್ಪುತ್ತದೆ. ಕ್ಯಾಪ್ಸೂಲ್ ಹಾಕುವ ರೋಟಾಹೇಲರ್‌ಗೆ ಎಲ್ಲ ಉಲ್ಟಾ: ಅದನ್ನು ಜೋರಾಗಿ, ಒಂದೇ ಬೀಸಿಗೆ ಎಳೆಯಬೇಕು. ಓಟಗಾರರ ಜೇಬಿಗೆ ಅದು ಹೇಳಿ ಮಾಡಿಸಿದ್ದಲ್ಲ. ಬೆವರಿನ ತೇವಕ್ಕೆ ಕ್ಯಾಪ್ಸೂಲ್ ಮೆತ್ತಗಾಗುತ್ತದೆ, ಉಬ್ಬಸ ಜೋರಾದಾಗ ಅಷ್ಟು ರಭಸದಲ್ಲಿ ಎಳೆಯಲೂ ಆಗುವುದಿಲ್ಲ. ಸೊಂಟದ ಪೌಚಿನಲ್ಲಿ ಗ್ಯಾಸಿನ ಪಂಪೇ ಇರಲಿ, ಮುಚ್ಚಳ ಹಾಕಿ ಇಡಿ. ಮುಚ್ಚಳ ಬಿಚ್ಚಿಕೊಂಡು ಜೇಬಿನ ಚಿಲ್ಲರೆ, ಕಸ ಒಳಗೆ ಸೇರಿ ಬಾಯಿಗೇ ಬಂದ ಪ್ರಸಂಗಗಳಿವೆ. ಸ್ಟೀರಾಯ್ಡ್ ಪಂಪ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲವಾದರೆ ನಾಲಗೆ ಮೇಲೆ ಬಿಳಿ ಪದರ, ಗಂಟಲು ಒಡೆಯುವುದು ಆಗಬಹುದು.

ವಾರ್ಮ್ ಅಪ್ ಮತ್ತು ಗಾಳಿ

ಹತ್ತು ನಿಮಿಷ ಮೆಲ್ಲಗೆ ಓಡಿ, ಆಮೇಲೆ 30 ಸೆಕೆಂಡಿನ ಆರರಿಂದ ಎಂಟು ಜೋರು ಓಟ, ನಡುನಡುವೆ ಒಂದೂವರೆ ನಿಮಿಷ ನಡಿಗೆ. ಹೀಗೆ ಮಾಡಿದರೆ ಹಲವರಲ್ಲಿ ಒಂದೆರಡು ಗಂಟೆ ಕಾಲ ನಾಳಗಳು ಅಷ್ಟಾಗಿ ಬಿಗಿಯುವುದಿಲ್ಲ. ಎಲ್ಲರಲ್ಲೂ ಹೀಗಾಗುವುದಿಲ್ಲ, ನಿಮ್ಮಲ್ಲಿ ಆಗುತ್ತದೆಯೇ ಎನ್ನುವುದನ್ನು ಪೀಕ್ ಫ್ಲೋ ಅಂಕಿಯೇ ಹೇಳುತ್ತದೆ. ಓಟ ಮುಗಿದಾಗಲೂ ಗಕ್ಕನೆ ನಿಲ್ಲದೆ ಹತ್ತು ನಿಮಿಷ ನಡೆಯಿರಿ.

ಡಿಸೆಂಬರ್, ಜನವರಿಯ ಬೆಂಗಳೂರಿನ ಬೆಳಗಿನ ಐದೂವರೆ ಓಟಗಾರರಿಗೆ ಪ್ರಿಯ, ಶ್ವಾಸನಾಳಕ್ಕಲ್ಲ. ಗಾಳಿ ತಣ್ಣಗೆ, ಒಣದಾಗಿರುತ್ತದೆ. ಜೊತೆಗೆ ನೆಲಮಟ್ಟದ ತಂಪು ಗಾಳಿ ಮೇಲೇಳದೆ ವಾಹನದ ಹೊಗೆ ಅಲ್ಲೇ ಮಡುಗಟ್ಟಿರುತ್ತದೆ. ಬಿಸಿಲು ಬಂದ ಮೇಲೆ ಹೊರಡಿ, ಅಥವಾ ತೆಳು ಬಟ್ಟೆಯನ್ನು ಮೂಗು-ಬಾಯಿಗೆ ಸುತ್ತಿಕೊಳ್ಳಿ. ಮಂಗಳೂರಿನ ತೇವದ ಗಾಳಿ ಈ ಲೆಕ್ಕದಲ್ಲಿ ಮೃದು, ಸೆಕೆಯ ಸಮಸ್ಯೆ ಬೇರೆ. ಮಳೆ ನಿಂತ ಮೇಲೆ ಹೂ ಬಿಡುವ ಕಾಂಗ್ರೆಸ್ ಗಿಡ, ಸುಗ್ಗಿಯ ಒಕ್ಕಣೆ ಧೂಳು, ದೀಪಾವಳಿಯ ಮರುದಿನದ ಹೊಗೆ: ಯಾವುದು ನಿಮಗೆ ಆಗುವುದಿಲ್ಲ ಎಂದು ಗುರುತಿಟ್ಟುಕೊಳ್ಳಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪಿನಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ 100 ದಾಟಿದರೇ ಆಸ್ತಮಾ ಇದ್ದವರಿಗೆ ಎಚ್ಚರಿಕೆ ಇರುತ್ತದೆ. 200 ದಾಟಿದ ದಿನ ಒಳಗೇ ವ್ಯಾಯಾಮ ಮಾಡಿ.

ಮೈಕೈ ನೋವಿಗೆ ಓಟಗಾರರು ಚಾಕೊಲೇಟಿನ ಹಾಗೆ ಹಂಚಿಕೊಳ್ಳುವ ಮಾತ್ರೆಗಳ ಬಗ್ಗೆ ಒಂದು ಮಾತು. ಐಬುಪ್ರೊಫೆನ್ (ಕಾಂಬಿಫ್ಲಾಮ್‌ನಲ್ಲಿ ಇರುವುದು ಇದೇ), ಡೈಕ್ಲೊಫೆನಾಕ್, ಆಸ್ಪಿರಿನ್ ಕೆಲವು ಆಸ್ತಮಾ ರೋಗಿಗಳಲ್ಲಿ ತೀವ್ರ ಉಬ್ಬಸ ತರುತ್ತವೆ. ಮೂಗಿನಲ್ಲಿ ದುರ್ಮಾಂಸ ಇರುವವರಲ್ಲಿ ಇದು ಹೆಚ್ಚು. ಮೈಗ್ರೇನಿಗೆ ಕೊಡುವ ಪ್ರೊಪ್ರನಲಾಲ್ ಕೂಡ ಆಸ್ತಮಾಕ್ಕೆ ಆಗದು. ಬೇಕೇಬೇಕಾದರೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸಾಕು. ರಾಷ್ಟ್ರಮಟ್ಟದಲ್ಲಿ ಸ್ಪರ್ಧಿಸುವವರು ಡೋಪಿಂಗ್ ನಿಯಮವನ್ನೂ ನೋಡಿಕೊಳ್ಳಬೇಕು: ಪಂಪಿನ ಸಾಲ್ಬುಟಮಾಲ್‌ಗೆ 24 ಗಂಟೆಯಲ್ಲಿ 1600, ಯಾವುದೇ 8 ಗಂಟೆಯಲ್ಲಿ 600 ಮೈಕ್ರೋಗ್ರಾಂ ಮಿತಿ. ಅದರ ಮಾತ್ರೆ, ಸಿರಪ್ ನಿಷಿದ್ಧ.

ದಾರಿಯಲ್ಲಿ ಉಬ್ಬಸ ಬಂದರೆ

ನಿಲ್ಲಿ. ‘ಇನ್ನೊಂದು ಕಿಲೋಮೀಟರ್’ ಬೇಡ. ಮಲಗಬೇಡಿ, ನೆಟ್ಟಗೆ ಕೂತು ಸ್ವಲ್ಪ ಮುಂದೆ ಬಾಗಿ. ಸಾಲ್ಬುಟಮಾಲ್ ಒಂದು ಪಫ್ ಸ್ಪೇಸರ್‌ಗೆ ಬಿಟ್ಟು ನಾಲ್ಕು ಉಸಿರು ಎಳೆಯಿರಿ, ಹೀಗೆ ನಾಲ್ಕು ಪಫ್. ನಾಲ್ಕು ನಿಮಿಷ ಕಾದು ಸುಧಾರಿಸದಿದ್ದರೆ ಇನ್ನೂ ನಾಲ್ಕು, ಜೊತೆಗೆ 108ಕ್ಕೆ ಫೋನ್. ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ, ಸುಯ್ ಸದ್ದು ನಿಂತೂ ಉಸಿರಾಡಲು ಕಷ್ಟವೇ ಆಗುತ್ತಿದ್ದರೆ ಕಾಯದೆ ಮೊದಲು ಫೋನ್ ಮಾಡಿಸಿ. ಸದ್ದು ನಿಂತಿತೆಂದು ಜೊತೆಗಿದ್ದವರು ನಿಟ್ಟುಸಿರು ಬಿಡುತ್ತಾರೆ, ಆದರೆ ಒಳಗೆ ಗಾಳಿಯೇ ಆಡುತ್ತಿಲ್ಲ ಎಂಬುದರ ಗುರುತು ಅದು. ಬಿಬ್‌ನ (ಎದೆಗೆ ಸಿಕ್ಕಿಸಿಕೊಳ್ಳುವ ಓಟದ ನಂಬರ್ ಚೀಟಿ) ಹಿಂದೆ ಆಸ್ತಮಾ ಎಂದು, ಔಷಧಿಯ ಹೆಸರು, ಮನೆಯವರ ನಂಬರ್ ಬರೆದಿಡಿ. ಪಂಪ್ ಯಾವ ಜೇಬಿನಲ್ಲಿದೆ ಎಂದು ಜೊತೆ ಓಡುವವರೊಬ್ಬರಿಗೆ ಮುಂಚೆಯೇ ತೋರಿಸಿ.

ಉಸಿರು ಸರಿಹೋಯಿತೆಂದು ಮತ್ತೆ ಓಟಕ್ಕೆ ಇಳಿಯಬೇಡಿ. ಪಂಪಿನ ಪ್ರಭಾವ ಮೂರು-ನಾಲ್ಕು ಗಂಟೆಯಲ್ಲಿ ಇಳಿಯುತ್ತದೆ, ಉಬ್ಬಸ ಸಂಜೆಗೋ ರಾತ್ರಿಗೋ ಮರಳಬಹುದು. ಅಂದೇ ಡಾಕ್ಟರಿಗೆ ತೋರಿಸಿ, ರಾತ್ರಿ ಒಬ್ಬರೇ ಮಲಗಬೇಡಿ, ಪಂಪ್ ತಲೆದಿಂಬಿನ ಪಕ್ಕದಲ್ಲೇ ಇರಲಿ.