ತಾಳೆಗರಿ ಹೋಗಿ ಕಡತ ಬಂತು, ತಾಳೆ ನೋಡುವವರು ಯಾರು?

‘ಸ್ಕ್ಯಾನ್ ಮಾಡಿಬಿಟ್ಟರೆ ಪುಸ್ತಕ ಅಮರ’ ಎಂಬ ನಂಬಿಕೆ ಗ್ರಂಥಾಲಯಗಳ ಸುತ್ತ ಗಟ್ಟಿಯಾಗಿ ಬೇರೂರಿದೆ. ಅನುದಾನ ಬರುತ್ತದೆ, ಸ್ಕ್ಯಾನರ್ ಬರುತ್ತದೆ, ಉದ್ಘಾಟನೆಯಾಗುತ್ತದೆ, ಹಾರ್ಡ್ ಡಿಸ್ಕ್ ಬೀರು ಸೇರುತ್ತದೆ. ನನಗೆ ದಿಗಿಲಾಗುವುದು ಆ ಬೀರುವಿನ ಬಾಗಿಲು ಮುಚ್ಚಿದಾಗ. ತಾಳೆಗರಿಯ ಅಂಚನ್ನು ಹುಳು ತಿಂದರೂ ನಡುವಿನ ಸಾಲುಗಳನ್ನು ಓದಬಹುದು. ಗಾತ್ರ ಕುಗ್ಗಿಸಿ ಉಳಿಸಿದ ಚಿತ್ರದ ಕಡತದಲ್ಲಿ 0 ಅಥವಾ 1 ಎಂದು ದಾಖಲಾಗುವ ಆಯಕಟ್ಟಿನ ನಾಲ್ಕು ಬಿಟ್‌ಗಳು ಕೆಟ್ಟರೆ ಇಡೀ ಪುಟವೇ ತೆರೆಯದೆ ಹೋಗಬಹುದು. ಅದು ಕೆಟ್ಟಿದೆ ಎಂಬ ಸುಳಿವು ಯಾರಾದರೂ ತೆರೆದು ನೋಡುವವರೆಗೂ ಸಿಗುವುದಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರ ಪೂರ್ತಿಯಾಗಿ ಮತ್ತೆ ಲೋಕಕ್ಕೆ ಸಿಕ್ಕಿದ್ದು ಮೈಸೂರಿನಲ್ಲಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಕೊಟ್ಟಿದ್ದ ಗ್ರಂಥ ಲಿಪಿಯ ತಾಳೆಗರಿ ಕಟ್ಟನ್ನು 1905ರಲ್ಲಿ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಗುರುತಿಸಿದರು, 1909ರಲ್ಲಿ ಅಚ್ಚು ಮಾಡಿಸಿದರು. ಆ ಕಟ್ಟು ಅಷ್ಟು ಕಾಲ ಇದ್ದೇ ಇತ್ತು. ಕೊರತೆಯಾಗಿದ್ದದ್ದು ಅದನ್ನು ಬಿಚ್ಚಿ ಓದಿ ‘ಇದು ಇಂಥದ್ದು’ ಎಂದು ಹೇಳುವವರು. ಡಿಜಿಟಲ್ ಭಂಡಾರದಲ್ಲಿ ಈ ‘ಇಂಥದ್ದು’ ಎನ್ನುವ ಮಾಹಿತಿಗೆ ಮೆಟಾಡೇಟಾ ಎನ್ನುತ್ತಾರೆ. ಕರ್ತೃ, ಶೀರ್ಷಿಕೆ, ವಿಷಯ, ಭಾಷೆ, ಹಕ್ಕು ಎಂದು ಡಬ್ಲಿನ್ ಕೋರ್ ಪದ್ಧತಿಯಲ್ಲಿ ಒಟ್ಟು 15 ಅಂಶಗಳು. ಗ್ರಂಥಾಲಯ ವಿಜ್ಞಾನಿ ರಂಗನಾಥನ್ 1962ರಲ್ಲಿ ಆ ವಿಷಯದ ತರಬೇತಿ ಕೇಂದ್ರ ಡಿಆರ್‌ಟಿಸಿ ಕಟ್ಟಿದ ಬೆಂಗಳೂರಿರುವ ನಾಡಿನಲ್ಲಿ ಇದನ್ನು ವಿವರಿಸಬೇಕಿಲ್ಲ. ತಂತ್ರಾಂಶಕ್ಕೂ ತೊಂದರೆಯಿಲ್ಲ. ಎಂಐಟಿ ಗ್ರಂಥಾಲಯ ಮತ್ತು ಎಚ್‌ಪಿ ಸೇರಿ 2002ರಲ್ಲಿ ಹೊರತಂದ, ಡಿಜಿಟಲ್ ಭಂಡಾರ ನಡೆಸುವ ತಂತ್ರಾಂಶ ಡಿಸ್ಪೇಸ್ ಉಚಿತವಾಗಿ ಸಿಗುತ್ತದೆ. ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ನಡೆಯುವುದೂ ಅದರ ಮೇಲೆಯೇ.

ಎಲ್ಲರೂ ದಾಟಿಹೋಗುವ ಪ್ರಶ್ನೆ ಬೇರೆಯದು: ಇವತ್ತು ಒಳಗಿಟ್ಟ ಕಡತ ಹತ್ತು ವರ್ಷದ ನಂತರವೂ ಅದೇ ಕಡತ ಎಂದು ಹೇಳುವುದು ಹೇಗೆ? ಎ4 ಅಳತೆಯ ಒಂದು ಪುಟವನ್ನು ಇಂಚಿಗೆ 300 ಚುಕ್ಕಿಯಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಕುಗ್ಗಿಸದೆ ಟಿಫ್ ರೂಪದಲ್ಲಿಟ್ಟರೆ ಸುಮಾರು 26 ಎಂಬಿ. 300 ಪುಟದ ಪುಸ್ತಕಕ್ಕೆ ಎಂಟು ಜಿಬಿಗೆ ಹತ್ತಿರ, ಸಾವಿರ ಪುಸ್ತಕಕ್ಕೆ ಎಂಟು ಟಿಬಿಗೆ ಹತ್ತಿರ. ಕಣ್ಣಿನಿಂದ ಇಷ್ಟನ್ನು ಪರೀಕ್ಷಿಸುವುದು ಆಗದ ಮಾತು.

ಇದಕ್ಕಿರುವ ಉಪಾಯ ನನಗೆ ಬಹಳ ಪ್ರಿಯವಾದದ್ದು. ಅದರ ಬೀಜವನ್ನು ಹಳೆಯ ಕಾವ್ಯದ ಹಸ್ತಪ್ರತಿಗಳಲ್ಲೇ ನೋಡಬಹುದು. ಕುಮಾರವ್ಯಾಸ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. 1, 2, 4, 5ನೆಯ ಸಾಲುಗಳಲ್ಲಿ 14 ಮಾತ್ರೆ, 3 ಮತ್ತು 6ನೆಯ ಸಾಲುಗಳಲ್ಲಿ 23. ಪದ್ಯಕ್ಕೆ ಒಟ್ಟು 102. ಹಸ್ತಪ್ರತಿಯನ್ನು ನಕಲು ಮಾಡುವವನು ನಿದ್ದೆಗಣ್ಣಿನಲ್ಲಿ ಒಂದು ಅಕ್ಷರ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಸಾಲಿನ ಎರಡನೆಯ ಅಕ್ಷರ ತಪ್ಪಿದರೆ ಪ್ರಾಸವೇ ದೂರು ಕೊಡುತ್ತದೆ. ಗ್ರಂಥಸಂಪಾದಕರು ಮೂಲಕವಿಯನ್ನು ನೋಡದೆಯೇ ‘ಇಲ್ಲೇನೋ ಕೆಟ್ಟಿದೆ’ ಎನ್ನುವುದು ಹೀಗೆ. ಆದರೆ ‘ಮರ’ ಇದ್ದಲ್ಲಿ ‘ಗಿಡ’ ಎಂದು ಬರೆದರೆ ಎರಡೂ ಎರಡೇ ಮಾತ್ರೆ, ತಪ್ಪು ನುಸುಳಿಬಿಡುತ್ತದೆ. ಇದನ್ನು ಓದಿ ಯಾರೂ ‘ನಮ್ಮ ಪೂರ್ವಜರಿಗೆ ಕಂಪ್ಯೂಟರ್ ಗೊತ್ತಿತ್ತು’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡುವುದು ಬೇಡ. ಛಂದಸ್ಸು ಹುಟ್ಟಿದ್ದು ಕಿವಿಗಾಗಿ, ಹಾಡಿಕೆಗಾಗಿ. ತಪ್ಪು ಹಿಡಿಯುವ ಶಕ್ತಿ ಅದರ ಕಟ್ಟುನಿಟ್ಟಿನಿಂದ ತಾನಾಗಿ ಒದಗಿದ್ದು.

ಪುಸ್ತಕದ ಹಿಂಬದಿಯ ಐಎಸ್‌ಬಿಎನ್ ಇದೇ ಕೆಲಸವನ್ನು ಬೇಕೆಂದೇ ಮಾಡುತ್ತದೆ. 13 ಅಂಕೆಗಳನ್ನು ಒಂದು ಬಿಟ್ಟು ಒಂದರಂತೆ 1 ಮತ್ತು 3ರಿಂದ ಗುಣಿಸಿ ಕೂಡಿದರೆ ಮೊತ್ತ 10ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಕೊನೆಯ ಅಂಕೆಯನ್ನು ಆರಿಸುವುದೇ ಅದಕ್ಕಾಗಿ. ಯಾವುದೇ ಒಂದು ಅಂಕೆ ತಪ್ಪಿದರೂ ಸಿಕ್ಕಿಬೀಳುತ್ತದೆ. ಆದರೆ ಅಕ್ಕಪಕ್ಕದ 1 ಮತ್ತು 6 ಅದಲುಬದಲಾದರೆ ಮೊತ್ತ ಸರಿಯಾಗಿ 10ರಷ್ಟು ಸರಿಯುವುದರಿಂದ ಗೊತ್ತೇ ಆಗುವುದಿಲ್ಲ.

ಈ ಬಿರುಕುಗಳನ್ನೆಲ್ಲ ಮುಚ್ಚುವ ಲೆಕ್ಕವೇ ಹ್ಯಾಶ್. ಎಸ್‌ಎಚ್‌ಎ-256 ಎಂಬ ವಿಧಾನ ಯಾವ ಕಡತವನ್ನು ಕೊಟ್ಟರೂ, ಅದು ಒಂದು ಸಾಲಿರಲಿ, ಎಂಟು ಜಿಬಿಯ ಪುಸ್ತಕವಿರಲಿ, 256 ಬಿಟ್‌ಗಳ ಒಂದು ಗುರುತನ್ನು ಹೊರಗೆ ಕೊಡುತ್ತದೆ. ಬರೆದರೆ 64 ಚಿಹ್ನೆಗಳು. ಕಡತವನ್ನು ತುಂಡುಗಳಾಗಿಸಿ, ಪ್ರತಿ ತುಂಡನ್ನೂ ಹಿಂದಿನ ಫಲಿತಾಂಶದೊಂದಿಗೆ ಬೆರೆಸಿ, ತಿರುಗಿಸಿ, ಕೂಡಿ ಮುಂದೆ ಸಾಗಿಸುವುದರಿಂದ ಎಲ್ಲೋ ಒಂದು ಬಿಟ್ ಬದಲಾದರೂ ಅದರ ಪರಿಣಾಮ ಕೊನೆಯವರೆಗೆ ಹರಡಿ ಗುರುತಿನ ಸುಮಾರು ಅರ್ಧದಷ್ಟು ಬಿಟ್‌ಗಳು ಉಲ್ಟಾ ಆಗುತ್ತವೆ. ಸಾಧ್ಯವಿರುವ ಗುರುತುಗಳ ಸಂಖ್ಯೆ 78 ಅಂಕಿಗಳಷ್ಟು ಉದ್ದ. ಎರಡು ಬೇರೆ ಕಡತಗಳಿಗೆ ಆಕಸ್ಮಿಕವಾಗಿ ಒಂದೇ ಗುರುತು ಬರಬಹುದೆಂಬ ಭಯ ಬೇಡ. ಹತ್ತು ವರ್ಷದ ನಂತರ ಮತ್ತೆ ಲೆಕ್ಕ ಹಾಕಿದಾಗ ಅದೇ ಗುರುತು ಬಂದರೆ ಕಡತವೂ ಅದೇ. 1991ರ ಎಂಡಿ5 ಎಂಬ ಹಳೆಯ ಹ್ಯಾಶ್ ವಿಧಾನದಲ್ಲಿ ಒಂದೇ ಗುರುತಿನ ಎರಡು ಕಡತಗಳನ್ನು ಬೇಕೆಂದೇ ತಯಾರಿಸಬಹುದೆಂದು 2004ರಲ್ಲಿ ಚೀನೀ ಗಣಿತಜ್ಞರು ತೋರಿಸಿದ್ದಾರೆ. ಡಿಸ್ಕಿನ ಸವೆತ ಹಿಡಿಯಲು ಅದೂ ಸಾಕು, ಕಳ್ಳಗೈ ಹಿಡಿಯಲು ಸಾಲದು.

ಗುರುತನ್ನು ಯಾವಾಗ ತೆಗೆಯಬೇಕು ಎನ್ನುವುದರಲ್ಲೇ ಅರ್ಧ ಜಾಣ್ಮೆಯಿದೆ. ಸ್ಕ್ಯಾನ್ ಆದ ಕೂಡಲೇ, ಮೊದಲ ನಕಲಿಗೂ ಮುಂಚೆ ತೆಗೆಯಬೇಕು. ಮೂರು ಪೆನ್‌ಡ್ರೈವ್ ದಾಟಿ ಬಂದ ಮೇಲೆ ತೆಗೆದರೆ ಕೆಟ್ಟ ಕಡತಕ್ಕೇ ಒಳ್ಳೆಯ ಗುರುತು ಕೊಟ್ಟಂತೆ. ಬ್ಯಾಗಿಟ್ ಎಂಬ ಸರಳ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದ್ದು: ಒಂದು ಫೋಲ್ಡರಿನಲ್ಲಿ ಕಡತಗಳು, ಜೊತೆಗೆ ಪ್ರತಿ ಕಡತದ ಹೆಸರು ಮತ್ತು ಹ್ಯಾಶ್ ಇರುವ ಪಟ್ಟಿ. ಬೇರೆ ಬೇರೆ ಜಾಗದಲ್ಲಿ ಮೂರು ಪ್ರತಿ ಇಟ್ಟು ಆಗಾಗ ಪಟ್ಟಿಯೊಂದಿಗೆ ತಾಳೆ ನೋಡಿದರೆ, ಒಂದು ಕೆಟ್ಟಾಗ ಉಳಿದೆರಡರಿಂದ ಸರಿಪಡಿಸಬಹುದು. ತಾಳೆ ನೋಡದೆ ಬರಿಯ ಬ್ಯಾಕಪ್ ಮಾಡುತ್ತ ಹೋದರೆ ಕೆಟ್ಟ ಪ್ರತಿ ಒಳ್ಳೆಯದರ ಮೇಲೆ ಕೂತುಬಿಡಬಹುದು. ಡಿಸ್ಪೇಸ್‌ನಲ್ಲಿ ಈ ಪರೀಕ್ಷೆಯ ಸಾಧನ ಇದ್ದೇ ಇದೆ, ಆದರೆ ಯಾರಾದರೂ ವೇಳಾಪಟ್ಟಿ ಹಾಕದ ಹೊರತು ಅದು ಓಡುವುದಿಲ್ಲ.

ಹ್ಯಾಶ್ ಬಿಟ್‌ಗಳನ್ನು ಕಾಯುತ್ತದೆಯೇ ಹೊರತು ಅರ್ಥವನ್ನಲ್ಲ. ಸ್ಕ್ಯಾನ್ ಮಾಡುವಾಗ 47ನೆಯ ಪುಟ ಬಿಟ್ಟುಹೋಗಿದ್ದರೆ ಆ ಲೋಪವನ್ನೂ ಅದು ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ನಮ್ಮ ಹಳೆಯ ಕಡತಗಳು ಹ್ಯಾಶ್ ಪ್ರಕಾರ ಆರೋಗ್ಯವಾಗಿರುತ್ತವೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ನಲ್ಲೂ ಒಂದು ಸೂಕ್ಷ್ಮವಿದೆ. ‘ಕೋಶ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂದು ಮೂರು ಸಂಕೇತವಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಬಿಟ್‌ಗಳು ಬೇರೆ. ಕೆಲವು ವ್ಯವಸ್ಥೆಗಳು ಕಡತದ ಹೆಸರನ್ನು ತಾವಾಗಿಯೇ ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವುದೂ ಉಂಟು. ಆಗ ಪಟ್ಟಿಯಲ್ಲಿರುವ ಹೆಸರಿಗೂ ಡಿಸ್ಕಿನಲ್ಲಿರುವ ಹೆಸರಿಗೂ ಹೊಂದುವುದಿಲ್ಲ, ಓದುಗ ಹುಡುಕಿದರೂ ಪುಸ್ತಕ ಸಿಗದೆ ಹೋಗಬಹುದು. ಆದ್ದರಿಂದ ಗ್ರಂಥಾಲಯಕ್ಕೆ ಸೇರಿದಾಗ ಪುಸ್ತಕಕ್ಕೆ ಕೊಡುವ ಪರಿಗ್ರಹಣ ಸಂಖ್ಯೆಯನ್ನೇ ಕಡತಕ್ಕೆ ಹೆಸರಾಗಿಡಿ. ಕನ್ನಡ ಶೀರ್ಷಿಕೆ ಮೆಟಾಡೇಟಾದಲ್ಲಿ, ಒಂದೇ ನಿಯಮಿತ ರೂಪದಲ್ಲಿ ಇರಲಿ.

ಸ್ಕ್ಯಾನಿಂಗ್ ಕೆಲಸವನ್ನು ಹೊರಗಿನವರಿಗೆ ಕೊಡುವ ಗ್ರಂಥಾಲಯಗಳು ಟೆಂಡರಿನಲ್ಲೇ ಬರೆಸಬೇಕಾದ ಷರತ್ತು ಎರಡು ಸಾಲಿನದು. ಡಿಸ್ಕಿನ ಜೊತೆ ಪ್ರತಿ ಕಡತದ ಹ್ಯಾಶ್ ಪಟ್ಟಿ ಬರಬೇಕು. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಅದನ್ನು ಮತ್ತೆ ಲೆಕ್ಕ ಹಾಕಿ, ಪುಟಗಳನ್ನು ಎಣಿಸಿ, ಎರಡೂ ಹೊಂದಿದ ಮೇಲಷ್ಟೇ ಬಿಲ್ಲಿಗೆ ಸಹಿ ಬೀಳಬೇಕು.