ಪದ ಪರಿಚಯ: ಜಂಟಲ್‌ಮನ್ಸ್ ಅಗ್ರಿಮೆಂಟ್

ಅಮೆರಿಕದ ಕಾಲೇಜು ಫುಟ್‌ಬಾಲ್ ಅಂದರೆ ನಮ್ಮ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು ಎದುರಾಳಿಯನ್ನು ಕೆಡವುವ ಆಟ. ಅಲ್ಲಿ ಒಂದು ಕಾಲಕ್ಕೆ 'ಜಂಟಲ್‌ಮನ್ಸ್ ಅಗ್ರಿಮೆಂಟ್', ಅಂದರೆ 'ಸಜ್ಜನರ ಒಪ್ಪಂದ' ಎಂಬ ಮಾತಿಗಿದ್ದ ಅರ್ಥ ಇದು: ಉತ್ತರದ ಕಾಲೇಜು ದಕ್ಷಿಣದ ಕಾಲೇಜಿನ ಎದುರು ಆಡುವಾಗ ತನ್ನ ಕಪ್ಪು ಆಟಗಾರನನ್ನು ಹೊರಗೆ ಕೂರಿಸಬೇಕು. ಎಷ್ಟೋ ಸಲ ತನ್ನದೇ ಊರಿನ ಮೈದಾನದಲ್ಲೂ ಅಷ್ಟೇ. ಇದು ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ. ಎರಡೂ ಕಡೆಯ ದೊಡ್ಡವರು ಮಾತಾಡಿಕೊಂಡರೆ ಮುಗಿಯಿತು. ಬರೆದಿಟ್ಟಿಲ್ಲವಾದ್ದರಿಂದ ನಾಳೆ ಯಾರೂ ಉತ್ತರ ಕೊಡಬೇಕಾಗಿಯೂ ಇರಲಿಲ್ಲ.

1934ರಲ್ಲಿ ಉತ್ತರದ ಮಿಷಿಗನ್ ತಂಡ ದಕ್ಷಿಣದ ಜಾರ್ಜಿಯಾ ಟೆಕ್ ಎದುರು ತನ್ನ ಕಪ್ಪು ಆಟಗಾರ ವಿಲ್ಲಿಸ್ ವಾರ್ಡ್ ಅವರನ್ನು ಆಡಿಸಲಿಲ್ಲ. ಲೆಕ್ಕ ಸರಿದೂಗಲಿ ಅಂತ ಜಾರ್ಜಿಯಾ ಟೆಕ್ ಕೂಡ ತನ್ನ ಒಬ್ಬ ಆಟಗಾರನನ್ನು ಕೂರಿಸಿತು. ಎಂಥಾ ನ್ಯಾಯ ನೋಡಿ!

ನಮಗೆ ಜಾಸ್ತಿ ಕುತೂಹಲ ಹುಟ್ಟಿಸುವುದು ವಿಲ್ಮೆತ್ ಸಿದಾತ್-ಸಿಂಗ್ ಕಥೆ. ಹುಟ್ಟಿದ್ದು ವಾಷಿಂಗ್ಟನ್‌ನಲ್ಲಿ, ಕಪ್ಪು ಕುಟುಂಬದಲ್ಲಿ. ತಂದೆ ತೀರಿಕೊಂಡ ಮೇಲೆ ತಾಯಿ ಭಾರತದಿಂದ ಬಂದಿದ್ದ ಸ್ಯಾಮ್ಯುಯೆಲ್ ಸಿದಾತ್-ಸಿಂಗ್ ಅವರನ್ನು ಮದುವೆಯಾದರು. ಹುಡುಗನಿಗೂ ಅದೇ ಹೆಸರು ಬಂತು. ಉತ್ತರದ ಸಿರಾಕ್ಯೂಸ್ ತಂಡದಲ್ಲಿ ಚೆಂಡು ಎಸೆಯುವುದರಲ್ಲಿ ಹೆಸರು ಮಾಡಿದಾಗ ಪತ್ರಿಕೆಗಳು ಅವರನ್ನು 'ಹಿಂದೂ' ಎಂದು ಬರೆದವು. ಆಗ ಅಲ್ಲಿ ಭಾರತದವರು ಯಾವ ಧರ್ಮದವರಾದರೂ 'ಹಿಂದೂ'ಗಳೇ. ಆ ಹಣೆಪಟ್ಟಿ ಇರುವ ತನಕ ತೊಂದರೆ ಇರಲಿಲ್ಲ.

1937ರ ಅಕ್ಟೋಬರ್‌ನಲ್ಲಿ ದಕ್ಷಿಣದ ಮೇರಿಲ್ಯಾಂಡ್ ಎದುರಿನ ಪಂದ್ಯಕ್ಕೆ ಮೊದಲು, ಸ್ಯಾಮ್ ಲೇಸಿ ಎಂಬ ಕಪ್ಪು ಪತ್ರಕರ್ತರು ನಿಜ ಬರೆದರು: ಇವರು 'ಹಿಂದೂ' ಅಲ್ಲ, ಕಪ್ಪು ಕುಟುಂಬದವರು. ತಮ್ಮವರೊಬ್ಬರ ಸಾಧನೆ ತಮ್ಮವರದ್ದೇ ಹೆಸರಲ್ಲಿ ಇರಲಿ ಎನ್ನುವುದು ಅವರ ನಿಲುವು. ಮೇರಿಲ್ಯಾಂಡ್ ತಕರಾರು ತೆಗೆಯಿತು, ಸಿರಾಕ್ಯೂಸ್ ಒಪ್ಪಿಕೊಂಡಿತು. ಬಾಲ್ಟಿಮೋರ್‌ನಲ್ಲಿ ಸಿದಾತ್-ಸಿಂಗ್ ಹೊರಗೆ ಕೂತರು, ತಂಡ 0-13ರಲ್ಲಿ ಸೋತಿತು. ಹಿಂದಿನ ವಾರ ಆಡಿದ್ದ ಅದೇ ಮನುಷ್ಯ, ಅದೇ ಮೈಬಣ್ಣ. ಬದಲಾದದ್ದು ಪೇಪರಿನ ಸುದ್ದಿ ಮಾತ್ರ. ನನ್ನ ಕೇಳಿದರೆ ಇಲ್ಲಿ ಸಿರಾಕ್ಯೂಸ್ ತಪ್ಪೇ ದೊಡ್ಡದು. ಬೇಡ ಎಂದವರು ಎದುರಿನವರು, ಆದರೆ ಕೂರಿಸಿದವರು ಸ್ವಂತ ತಂಡದವರು.

ಮರುವರ್ಷ ತನ್ನ ಮೈದಾನದಲ್ಲಿ ಮೇರಿಲ್ಯಾಂಡ್ ಎದುರು ಸಿರಾಕ್ಯೂಸ್ ಅವರನ್ನು ಆಡಿಸಿತು. ಸಿರಾಕ್ಯೂಸ್ 53-0ರಲ್ಲಿ ಗೆದ್ದಿತು. ಸಿದಾತ್-ಸಿಂಗ್ ಮುಂದೆ ಅಮೆರಿಕ ಸೇನೆಯ ಕಪ್ಪು ವಿಮಾನ ಚಾಲಕರ ಪಡೆಯಾದ ಟಸ್ಕೀಗಿ ಪೈಲಟ್‌ಗಳ ಪಡೆ ಸೇರಿ, 1943ರಲ್ಲಿ ತರಬೇತಿ ಹಾರಾಟದ ವೇಳೆ ತೀರಿಕೊಂಡರು. ಮೇರಿಲ್ಯಾಂಡ್ ಕ್ಷಮೆ ಕೇಳಿದ್ದು 2013ರಲ್ಲಿ.

ಒಪ್ಪಂದ ಒಂದೇ ದಿನ ಮುರಿಯಲಿಲ್ಲ. 1940ರಲ್ಲಿ ತಮ್ಮ ತಂಡದ ಕಪ್ಪು ಆಟಗಾರ ಲೆನಾರ್ಡ್ ಬೇಟ್ಸ್ ಅವರನ್ನು ಆಡಿಸಿ ಎಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬೀದಿಗಿಳಿದರು. ಮರುವರ್ಷ ಏಳು ಜನ ಹೋರಾಟಗಾರರು ಅಮಾನತಾದರು. 1947ರಲ್ಲಿ ಹಾರ್ವರ್ಡ್ ತಂಡ ತನ್ನ ಕಪ್ಪು ಆಟಗಾರ ಚೆಸ್ಟರ್ ಪಿಯರ್ಸ್ ಅವರನ್ನು ದಕ್ಷಿಣದ ವರ್ಜೀನಿಯಾಕ್ಕೇ ಕರೆದುಕೊಂಡು ಹೋಗಿ ಆಡಿಸಿತು. ದಕ್ಷಿಣದ ದೊಡ್ಡ ಲೀಗ್ ಆದ ಎಸ್‌ಇಸಿಯ ಪಂದ್ಯದಲ್ಲಿ ಮೊದಲ ಕಪ್ಪು ಆಟಗಾರನಾಗಿ ಕೆಂಟಕಿಯ ನೇಟ್ ನಾರ್ದಿಂಗ್ಟನ್ ಇಳಿದದ್ದು ಇನ್ನೂ 20 ವರ್ಷ ಕಳೆದು, 1967ರಲ್ಲಿ.